ಮಧ್ಯಸ್ಥಿಕೆ ಕೋಣೆಯ ಹೊರಗೆ ಕುಳಿತ ಹಿರಿಯರಿಗೆ

ಗಂಡಿನ ಕಡೆಯ ಮತ್ತು ಹೆಣ್ಣಿನ ಕಡೆಯ ಹಿರಿಯರೇ,

ಮಗನ ಅಥವಾ ಮಗಳ ಸಂಸಾರ ಮುರಿದ ಮೇಲೆ ಅವರ ಜೊತೆ ಕೋರ್ಟಿಗೆ ಬರುವ ಅಪ್ಪ, ಅಮ್ಮ, ಸೋದರಮಾವ, ಅಣ್ಣ, ಅಕ್ಕ, ಊರಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವ ದೊಡ್ಡಪ್ಪ, ನಿಮಗೆಲ್ಲ ಸೇರಿಸಿ ಈ ಕಾಗದ ಬರೆಯುತ್ತಿದ್ದೇನೆ. ಕೌಟುಂಬಿಕ ನ್ಯಾಯಾಲಯ ಕಳಿಸುವ ಪ್ರಕರಣಗಳಲ್ಲಿ ಮಧ್ಯಸ್ಥಿಕೆ ಮಾಡುವ ವಕೀಲರಲ್ಲಿ ನಾನೂ ಒಬ್ಬಳು. ನಿಮ್ಮ ಮಕ್ಕಳ ಜೊತೆ ಗಂಟೆಗಟ್ಟಲೆ ಕೂತು ಮಾತಾಡುತ್ತೇನೆ. ನೀವು ಸಿಗುವುದು ಬಾಗಿಲ ಹತ್ತಿರ ಎರಡು ನಿಮಿಷ, ಅದೂ ಸಿಟ್ಟಿನಲ್ಲೋ ಕಣ್ಣೀರಿನಲ್ಲೋ ಇರುವಾಗ. ಅಷ್ಟರಲ್ಲಿ ಹೇಳಿ ಮುಗಿಯುವ ಮಾತುಗಳಲ್ಲ ಇವು. ಕೋಣೆಯೊಳಗೆ ಆಡಿದ್ದನ್ನು ಹೊರಗೆ ಹೇಳುವಂತಿಲ್ಲ ಎಂಬ ಕಟ್ಟು ನನಗಿದೆ. ಆದ್ದರಿಂದ ಕೋಣೆಯ ಯಾವ ಸಂಗತಿಯಲ್ಲೂ ಇಲ್ಲಿ ಹೆಸರಾಗಲಿ ಗುರುತಾಗಲಿ ಇಲ್ಲ, ಹೆಚ್ಚಿನವು ಹಲವು ಮನೆಗಳಲ್ಲಿ ಮತ್ತೆ ಮತ್ತೆ ಕಂಡವು.

ನಾನು ಕೇಳಿಕೊಳ್ಳುವುದು ಇಷ್ಟು: ಬೇರೆಯಾಗಿರುವ ಆ ಇಬ್ಬರು ಮಗುವಿನ ವಿಷಯ, ದುಡ್ಡಿನ ವಿಷಯ, ಒಡವೆ ವಿಷಯವನ್ನು ತಾವೇ ಎದುರುಬದುರು ಕೂತು ತೀರ್ಮಾನಿಸಿಕೊಳ್ಳಲು ನೀವು ಬಿಡಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಮಧ್ಯಸ್ಥಿಕೆ ಕೇಂದ್ರಕ್ಕೆ ತಾರೀಖು ಬಿದ್ದ ತಕ್ಷಣ ನಿಮ್ಮಲ್ಲಿ ಅರ್ಧ ಜನ ‘ಮತ್ತೆ ಒಂದು ಮಾಡಿ ಕಳಿಸ್ತಾರಂತೆ’ ಎಂದು ಆಸೆ ಇಟ್ಟುಕೊಂಡು ಬರುತ್ತೀರಿ, ಇನ್ನರ್ಧ ಜನ ಅದೇ ಭಯದಲ್ಲಿ ಬರುತ್ತೀರಿ. ಇಬ್ಬರಿಗೂ ಹೇಳುತ್ತೇನೆ, ಹಾಗೇನೂ ಇಲ್ಲ. ಅವರಿಬ್ಬರಿಗೂ ಒಟ್ಟಿಗೆ ಬಾಳುವ ಮನಸ್ಸಿದ್ದರೆ ಆ ದಾರಿಯ ಬಗ್ಗೆ ಮಾತಾಡುತ್ತೇವೆ, ಸಂತೋಷದಿಂದ. ಇಲ್ಲವಾದರೆ ಬೇರೆಯಾಗಿಯೇ ಹೇಗೆ ಬದುಕಬೇಕು ಎಂಬುದನ್ನು ಮಾತಾಡುತ್ತೇವೆ. ನನ್ನ ಮುಂದೆ ಕೂರುವವರಲ್ಲಿ ಬಹಳ ಮಂದಿ ವರ್ಷ ಎರಡು ವರ್ಷದಿಂದ ಬೇರೆ ಬೇರೆ ಮನೆಯಲ್ಲಿ ಇದ್ದು ಬಂದವರು. ಅವರಿಗೆ ಬೇಕಾಗಿರುವುದು ಉಪದೇಶವಲ್ಲ. ಮಗು ಯಾವ ಶಾಲೆಗೆ ಹೋಗಬೇಕು, ಹಬ್ಬಕ್ಕೆ ಯಾರ ಮನೆಯಲ್ಲಿ ಇರಬೇಕು, ತಿಂಗಳಿಗೆ ಎಷ್ಟು ದುಡ್ಡು ಯಾವ ತಾರೀಖಿಗೆ ಬರುತ್ತದೆ, ಇಂಥ ಪ್ರಶ್ನೆಗಳಿಗೆ ಉತ್ತರ.

ನಮ್ಮ ಕಡೆ ರಾಜಿ ಪಂಚಾಯ್ತಿ ಹೊಸದಲ್ಲ. ಜಗಲಿಯ ಮೇಲೋ ಕಲ್ಯಾಣ ಮಂಟಪದ ಹಿಂದಿನ ಕೋಣೆಯಲ್ಲೋ ಎರಡೂ ಕಡೆಯ ಹಿರಿಯರು ಕೂತು, ತಪ್ಪು ಯಾರದೆಂದು ವಿಚಾರಿಸಿ, ಬೈದು, ಸಮಾಧಾನ ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಿದ್ದರು. ಅದರಿಂದ ಉಳಿದ ಸಂಸಾರಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಆ ಪಂಚಾಯ್ತಿಯಲ್ಲಿ ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳಬೇಕಿತ್ತು. ‘ನೀನು ಸುಮ್ನಿರಮ್ಮ, ನಾವು ಮಾತಾಡ್ತಿದ್ದೀವಲ್ಲ’ ಎನ್ನುವ ದನಿಯನ್ನು ನಾನು ಇವತ್ತಿಗೂ ಕೋರ್ಟಿನ ಕಾರಿಡಾರಿನಲ್ಲಿ ಕೇಳುತ್ತೇನೆ. ಎಂಜಿನಿಯರ್ ಆಗಿ ಹತ್ತು ಜನರ ತಂಡ ನಡೆಸುವ ಮಗನಿಗೂ ‘ನಿಂಗೆ ಗೊತ್ತಾಗಲ್ಲ, ನಾನು ಹೇಳ್ತೀನಿ’ ಎನ್ನುತ್ತೀರಿ. ಮಧ್ಯಸ್ಥಿಕೆಯಲ್ಲಿ ತಪ್ಪು ಯಾರದೆಂದು ಯಾರೂ ತೀರ್ಪು ಕೊಡುವುದಿಲ್ಲ. ನನಗೆ ಆ ಅಧಿಕಾರವೇ ಇಲ್ಲ. ನನ್ನ ಕೆಲಸ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವಂತೆ ಮಾಡುವುದು, ಕೂಗಾಟ ಆದಾಗ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುವುದು, ಒಪ್ಪಿದ್ದನ್ನು ಮಾತ್ರ ಬರೆಯುವುದು. ಒಪ್ಪಿಗೆ ಆಗದಿದ್ದರೆ ‘ರಾಜಿ ಆಗಲಿಲ್ಲ’ ಎಂದು ಕೋರ್ಟಿಗೆ ಕಳಿಸುತ್ತೇವೆ. ಯಾಕೆ ಆಗಲಿಲ್ಲ, ಯಾರು ಹಟ ಹಿಡಿದರು ಎಂಬುದು ಆ ವರದಿಯಲ್ಲಿ ಇರುವುದಿಲ್ಲ. ನಿಮ್ಮ ಮಗ ಅಥವಾ ಮಗಳು ಒಳಗೆ ಬಾಯಿಬಿಟ್ಟು ಆಡಿದ ಮಾತನ್ನು ನಾಳೆ ಕೋರ್ಟಿನ ಪಾಟೀಸವಾಲಿನಲ್ಲಿ ಅವರ ಮೇಲೇ ಎಸೆಯಲು ಬರುವುದಿಲ್ಲ. ಆ ಧೈರ್ಯ ಇರುವುದರಿಂದಲೇ ಅವರು ಮಾತಾಡುತ್ತಾರೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವ್ಯವಸ್ಥೆಯೂ ಅಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನ ಪ್ರಕಾರ ಮೊದಲು ರಾಜಿಗೆ ಪ್ರಯತ್ನ ಮಾಡುವುದು ನ್ಯಾಯಾಧೀಶರ ಕರ್ತವ್ಯ. ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಲು ದಾರಿ ಮಾಡಿದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರಲ್ಲಿ ಜಾರಿಗೆ ಬಂತು. 2007ರ ಜನವರಿಯಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಅದಿರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡಕ್ಕೆ ನಿಮ್ಮಲ್ಲಿ ಎಷ್ಟೋ ಜನ ಬಂದು ಹೋಗಿದ್ದೀರಿ. ಅಲ್ಲಿ ಮಧ್ಯಸ್ಥಿಕೆಗೆ ನಿಮ್ಮಿಂದ ಫೀಸು ತೆಗೆದುಕೊಳ್ಳುವುದಿಲ್ಲ. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೇ ಪ್ರತ್ಯೇಕ ಕಾಯ್ದೆಯನ್ನೂ ಮಾಡಿದೆ. ಕಾನೂನಿನ ಮಾತು ಇಷ್ಟು ಸಾಕು.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ಹೇಳುತ್ತೇನೆ. ಮಧ್ಯಸ್ಥಿಕೆ ಕಲಿಯುವವರೆಲ್ಲ ಓದುವ ತೀರ್ಪು ಅದು, 2013ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಬರೆದದ್ದು. ಆ ಮದುವೆ ಆದದ್ದು 1999ರ ಏಪ್ರಿಲ್ 25ರಂದು. ಮಾರನೆಯ ದಿನವೇ ಎರಡೂ ಕಡೆಯ ಹಿರಿಯರಿಗೆ ಜಗಳ ಹತ್ತಿತು. ಬೈದಾಡಿಕೊಂಡರು, ಒಬ್ಬರ ಮೇಲೊಬ್ಬರು ಚಪ್ಪಲಿ ಎಸೆದುಕೊಂಡರು. 27ನೇ ತಾರೀಖಿಗೆ ಹೊಸ ಗಂಡ ಹೆಂಡತಿ ಬೇರೆಯಾದರು. ಸಂಸಾರ ಶುರುವೇ ಆಗಿರಲಿಲ್ಲ. ಆಮೇಲೆ ದೂರು, ಪ್ರತಿದೂರು, ಅರ್ಜಿ, ಮೇಲ್ಮನವಿ ಎಂದು ಸುಮಾರು ಹದಿನಾಲ್ಕು ವರ್ಷ ಕೋರ್ಟು ಸುತ್ತಿ ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ವಿಚ್ಛೇದನ ಸಿಕ್ಕಿತು. ಜಗಳ ಶುರು ಮಾಡಿದವರು ಹಿರಿಯರು. ಹೋದದ್ದು ಆ ಹುಡುಗ ಹುಡುಗಿಯ ಯೌವನ. ಈ ತೀರ್ಪಿನಲ್ಲೇ ಕೋರ್ಟು, ವೈವಾಹಿಕ ವ್ಯಾಜ್ಯಗಳನ್ನು ಆದಷ್ಟು ಬೇಗ, ದ್ವೇಷ ಬೇರೂರುವ ಮೊದಲೇ, ಮಧ್ಯಸ್ಥಿಕೆಗೆ ಕಳಿಸಬೇಕೆಂದು ಕೆಳಗಿನ ನ್ಯಾಯಾಲಯಗಳಿಗೆ ಹೇಳಿತು.

ದ್ವೇಷ ಬೇರೂರುವುದು ಎಲ್ಲಿ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಪಾತ್ರೆಯ ಪಟ್ಟಿಯಲ್ಲಿ. ಮದುವೆಯಲ್ಲಿ ಕೊಟ್ಟ ಸಾಮಾನಿನ ಪಟ್ಟಿ ಎಂದು ನಾಲ್ಕು ಹಾಳೆ ಬರುತ್ತದೆ, ಬರೆದವರು ಹೆಣ್ಣಿನ ತಾಯಿ ಅಥವಾ ಅತ್ತಿಗೆ. ಹಿತ್ತಾಳೆ ಕೊಳಗ ಎರಡು, ಬೆಳ್ಳಿ ಕುಂಕುಮಭರಣಿ, ಹೆಸರು ಹಾಕಿಸಿದ ಸ್ಟೀಲ್ ತಟ್ಟೆ ಹನ್ನೆರಡು, ಗ್ರೈಂಡರ್, ಗಾದ್ರೇಜ್ ಬೀರು, ಹಾಸಿಗೆ ಎರಡು, ಗೌರಿ ಬಾಗಿನದ ಮೊರ. ಗಂಡಿನ ತಾಯಿ ಹೊರಗಿನಿಂದ ಫೋನಿನಲ್ಲಿ ಒಂದೊಂದಕ್ಕೂ ಉತ್ತರ ಕೊಡುತ್ತಾರೆ: ಕೊಳಗ ಒಂದೇ, ಗ್ರೈಂಡರ್ ನಾವೇ ತಂದದ್ದು. ಒಮ್ಮೆ ಹೀಗೆ ಹನ್ನೆರಡೋ ಹತ್ತೋ ಎಂದು ತಟ್ಟೆಯ ಲೆಕ್ಕದಲ್ಲಿ ಅರ್ಧ ಬೆಳಗು ಹೋಗಿರುವಾಗ ಹುಡುಗಿ ತಲೆ ಎತ್ತಿ ‘ನನಗೆ ಆ ತಟ್ಟೆ ಬೇಡ ಮೇಡಂ, ನನ್ನ ಮಾರ್ಕ್ಸ್ ಕಾರ್ಡು ಅಲ್ಲೇ ಇದೆ, ಅದು ಬೇಕು’ ಎಂದಳು. ಹುಡುಗ ತಕ್ಷಣ ‘ಅದು ನನ್ನ ಬ್ಯಾಗಲ್ಲೇ ಇದೆ’ ಎಂದು ತೆಗೆದು ಕೊಟ್ಟ. ಅವತ್ತು ಅದೊಂದೇ ಇತ್ಯರ್ಥವಾದದ್ದು. ಅಲ್ಲಿಂದ ಮುಂದೆ ಇಬ್ಬರೂ ಮಾತಾಡಲು ಶುರು ಮಾಡಿದರು.

ಒಡವೆ ಬೇರೆ ಮಾತು. ಹೆಣ್ಣಿಗೆ ಮದುವೆಯಲ್ಲಿ ಬಂದ ಸ್ತ್ರೀಧನ ಅವಳದೇ, ಗಂಡನ ಮನೆಯವರ ಬಳಿ ಇದ್ದರೆ ಅದು ನಂಬಿಕೆಯ ಮೇಲೆ ಇಟ್ಟದ್ದು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಗಂಡಿನ ಮನೆಯ ಅಮ್ಮಂದಿರೇ, ಬ್ಯಾಂಕ್ ಲಾಕರಿನಲ್ಲಿ ಅವಳ ಸರ, ಬಳೆ ಇದ್ದರೆ ಅದನ್ನು ಚೌಕಾಸಿಗೆ ಇಟ್ಟುಕೊಳ್ಳಬೇಡಿ. ಮೊದಲ ದಿನವೇ ತೂಕ ಮಾಡಿಸಿ, ಇಬ್ಬರ ಸಹಿ ಹಾಕಿಸಿ ಕೊಟ್ಟುಬಿಡಿ. ಅದನ್ನು ಕೊಟ್ಟ ದಿನ ಉಳಿದ ಮಾತುಗಳು ಎಷ್ಟು ಸಲೀಸಾಗುತ್ತವೆ ಎಂದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ.

ಇನ್ನು ಮಗು.

ವಾದ ನಡೆದು ಕೋರ್ಟು ಆದೇಶ ಕೊಟ್ಟರೆ ಸಾಮಾನ್ಯವಾಗಿ ಅದು ಎರಡು ಸಾಲಿನದು: ಮಗು ತಾಯಿಯ ಬಳಿ ಇರಲಿ, ತಂದೆ ತಿಂಗಳ ಇಂತಿಂಥ ಭಾನುವಾರ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಕರೆದುಕೊಂಡು ಹೋಗಬಹುದು. ನೂರಾರು ಪ್ರಕರಣ ಇಟ್ಟುಕೊಂಡ ನ್ಯಾಯಾಧೀಶರು ಅದಕ್ಕಿಂತ ಹೆಚ್ಚು ಹೇಗೆ ಬರೆಯಲು ಸಾಧ್ಯ? ಮಗುವಿಗೆ ವೀಸಿಂಗ್ ಬಂದರೆ ಇನ್‌ಹೇಲರ್ ಯಾವ ಮನೆಯಲ್ಲಿ ಇರಬೇಕು ಎಂದು ಅವರಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ತಂದೆ ತಾಯಿಗೆ. ಅವರಿಬ್ಬರನ್ನೇ ಕೂರಿಸಿದರೆ ಒಪ್ಪಂದ ಎಷ್ಟು ವಿವರವಾಗಿ ಬರುತ್ತದೆ ಎಂದು ಹೇಳುತ್ತೇನೆ ಕೇಳಿ. ಯುಗಾದಿ ಈ ವರ್ಷ ಅಮ್ಮನ ಮನೆ, ಮುಂದಿನ ವರ್ಷ ಅಪ್ಪನ ಮನೆ. ದೀಪಾವಳಿ ಅದಕ್ಕೆ ಅದಲುಬದಲು. ದಸರಾ ರಜೆ ಅರ್ಧ ಅರ್ಧ. ಬೇಸಿಗೆ ರಜೆಯಲ್ಲಿ ಈಜು ಕ್ಲಾಸಿಗೆ ಸೇರಿಸಿದ್ದರೆ ಅದು ತಪ್ಪದಂತೆ ದಿನ ನೋಡಿಕೊಳ್ಳುವುದು. ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಬ್ಬರ ನಂಬರೂ ಇರಬೇಕು. ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಬರಬಹುದು, ಅಲ್ಲಿ ಜಗಳ ಆಡುವಂತಿಲ್ಲ. ಜೂನ್ ತಿಂಗಳ ಫೀಸು ಅಪ್ಪ ನೇರವಾಗಿ ಶಾಲೆಗೆ ಕಟ್ಟುವುದು, ಪುಸ್ತಕ, ಯೂನಿಫಾರ್ಮು ಅಮ್ಮ. ಟಿಸಿ ತೆಗೆಸಬೇಕಾದರೆ, ಊರು ಬಿಟ್ಟು ಹೋಗಬೇಕಾದರೆ, ಪಾಸ್‌ಪೋರ್ಟ್ ಮಾಡಿಸಬೇಕಾದರೆ ಮೊದಲೇ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳುವುದು. ಅಪ್ಪ ಅಮೆರಿಕದಲ್ಲಿ ಇದ್ದರೆ ವಿಡಿಯೊ ಕರೆ ಯಾವ ಹೊತ್ತಿಗೆ, ಮಗುವಿನ ಊಟದ ಹೊತ್ತಿಗೋ ನಿದ್ದೆಯ ಹೊತ್ತಿಗೋ ಎಂಬುದನ್ನೂ ಬರೆದುಕೊಂಡವರಿದ್ದಾರೆ. ಇಷ್ಟೆಲ್ಲ ಬರೆದ ಮೇಲೂ ಮಗು ದೊಡ್ಡದಾದಂತೆ ಬದಲಾಯಿಸಿಕೊಳ್ಳಬಹುದು. ನಾಲ್ಕು ವರ್ಷದ ಕೂಸಿಗೆ ಹೊಂದುವ ವೇಳಾಪಟ್ಟಿ ಹದಿನಾಲ್ಕರ ಹುಡುಗನಿಗೆ ಹೊಂದುವುದಿಲ್ಲ. ಮಗುವಿನ ಹಿತಕ್ಕೆ ಬೇಕಾದರೆ ಕಸ್ಟಡಿಯ ಏರ್ಪಾಡನ್ನು ಬದಲಿಸುವ ಅಧಿಕಾರ ಕೋರ್ಟಿಗೂ ಇದ್ದೇ ಇದೆ.

ಇಂಥ ಒಪ್ಪಂದ ಮುರಿದು ಬೀಳುವುದು ಹೆಚ್ಚಾಗಿ ತಂದೆ ತಾಯಿಯಿಂದಲ್ಲ, ನನ್ನ ಅನುಭವದಲ್ಲಿ ಅದು ಅಜ್ಜಿ ತಾತನ ಮನೆಯ ಹಜಾರದಲ್ಲಿ ಮುರಿಯುತ್ತದೆ. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಮಗುವನ್ನು ಎತ್ತಿ ಆಡಿಸಿ, ರಾತ್ರಿ ತಟ್ಟಿ ಮಲಗಿಸಿ ಸಾಕುತ್ತಿರುವವರು ನೀವೇ. ಆದರೆ ಭಾನುವಾರ ಸಂಜೆ ಮಗು ಅಪ್ಪನ ಮನೆಯಿಂದ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಗುತ್ತದೆ: ಏನು ಕೊಟ್ಟರು, ಯಾರು ಬಂದಿದ್ದರು, ನಮ್ಮ ಬಗ್ಗೆ ಏನಂದರು. ಆರು ವರ್ಷದ ಮಗು ಅಜ್ಜಿಗೆ ಖುಷಿಯಾಗುವ ಉತ್ತರ ಯಾವುದು ಎಂದು ಬೇಗ ಕಲಿತುಬಿಡುತ್ತದೆ. ಆ ಮನೆಯಲ್ಲಿ ಐಸ್‌ಕ್ರೀಮ್ ತಿಂದದ್ದನ್ನು ಈ ಮನೆಯಲ್ಲಿ ಮುಚ್ಚಿಡುತ್ತದೆ. ಮುಂದಿನ ವಾರ ಹೊರಡುವ ಹೊತ್ತಿಗೆ ಹೊಟ್ಟೆ ನೋವು ಎನ್ನುತ್ತದೆ. ಈ ಕಡೆಯವರು ‘ನೋಡಿ, ಮಗುವಿಗೇ ಹೋಗೋಕೆ ಇಷ್ಟ ಇಲ್ಲ’ ಎಂದು ಅರ್ಜಿ ಹಾಕಿಸುತ್ತೀರಿ. ಆ ಕಡೆಯವರು ‘ತಲೆ ಕೆಡಿಸಿದ್ದಾರೆ’ ಎಂದು ಇನ್ನೊಂದು ಅರ್ಜಿ. ಮಗುವಿಗೆ ನಿಜವಾಗಿ ಹೊಟ್ಟೆ ನೋಯುತ್ತಿರುತ್ತದೆ. ಎರಡೂ ಮನೆಯವರನ್ನು ಪ್ರೀತಿಸಿ ಒಬ್ಬರಿಗೂ ಅದನ್ನು ಹೇಳಲಾಗದ ನೋವು ಅದು.

ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು ಹಿಂದೂ ಪಾಲಕತ್ವ ಕಾಯ್ದೆ ಹೇಳುತ್ತದೆ. ಇದನ್ನೇ ಹಿಡಿದುಕೊಂಡು ‘ಅಪ್ಪನಿಗೆ ಹಕ್ಕೇ ಇಲ್ಲ’ ಎನ್ನುವವರಿದ್ದಾರೆ. ಐದಾಗಲಿ, ಆಮೇಲೆ ಕಿತ್ತುಕೊಂಡು ಬರೋಣ ಎಂದು ಕಾಯುವವರೂ ಇದ್ದಾರೆ. ಎರಡೂ ಕೂಡದು. ಕೋರ್ಟುಗಳು ಮತ್ತೆ ಮತ್ತೆ ಹೇಳಿರುವುದು ಮಗುವಿನ ಹಿತವೇ ಮೊದಲು ಎಂದು. ತಂದೆ ತಾಯಿಯ ಹಕ್ಕಿನ ಮಾತು ಅದರ ನಂತರ.

ದುಡ್ಡಿನ ವಿಷಯದಲ್ಲಿ ನಿಮ್ಮ ಸಲಹೆಗಳು ನಿಮ್ಮ ಮಕ್ಕಳಿಗೇ ಮುಳುವಾಗುತ್ತಿವೆ. ‘ಸಂಬಳ ಪೂರ್ತಿ ಹೇಳ್ಬೇಡ’, ‘ಸೈಟು ಅಪ್ಪನ ಹೆಸರಿಗೆ ಮಾಡಿಬಿಡು’, ‘ಕೆಲಸ ಬಿಟ್ಟಿದ್ದೀನಿ ಅಂತ ಹೇಳು’. ಈ ಕೊನೆಯದು ಎರಡೂ ಕಡೆಯಿಂದ ಬರುತ್ತದೆ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಸುಳ್ಳು ಬರೆದರೆ ಅದಕ್ಕೇ ಬೇರೆ ಕ್ರಮ ಬೀಳಬಹುದು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗುತ್ತದೆ, ಹಾಗಾಗಿ ಎಳೆದಷ್ಟೂ ಬಾಕಿ ಬೆಳೆಯುತ್ತದೆ. ಮಧ್ಯಸ್ಥಿಕೆಯಲ್ಲಿ ಮೂರು ತಿಂಗಳ ಪೇ ಸ್ಲಿಪ್, ಸಾಲದ ಇಎಂಐ, ಮಗುವಿನ ಖರ್ಚಿನ ಪಟ್ಟಿ ಮೇಜಿನ ಮೇಲೆ ಬಿಚ್ಚಿಟ್ಟ ದಿನ ಮೊತ್ತ ಬೇಗ ಕುದುರುತ್ತದೆ, ಯಾಕೆಂದರೆ ಅನುಮಾನಕ್ಕೆ ಜಾಗ ಉಳಿದಿರುವುದಿಲ್ಲ. ಇನ್ನೊಂದು ಮಾತು: ‘ಮಗುವಿಗೆ ಒಂದು ಪೈಸೆಯೂ ಬೇಡ, ನಮ್ಮನ್ನು ಬಿಟ್ಟುಬಿಡಿ’ ಎಂದು ಹೆಣ್ಣಿನ ಅಪ್ಪ ಸ್ವಾಭಿಮಾನದಿಂದ ಹೇಳಿಬಿಡುತ್ತಾರೆ. ಅದು ಅವರು ಬಿಟ್ಟುಕೊಡಬಹುದಾದ ಹಣವಲ್ಲ. ಅದು ಮಗುವಿನದು.

ಈಗ ಗಂಭೀರವಾದ ಒಂದು ಎಚ್ಚರ. ಹೊಡೆತ ಬಡಿತ ಇದ್ದಲ್ಲಿ, ಪ್ರಾಣಭಯ ಇದ್ದಲ್ಲಿ, ಎದುರು ಕೂತರೆ ಹುಡುಗಿಯ ಕೈ ನಡುಗುವಲ್ಲಿ ಮಧ್ಯಸ್ಥಿಕೆ ಎಂದು ಯಾರೂ ಒತ್ತಾಯಿಸಬಾರದು. ‘ಹೇಗಾದರೂ ಹೊಂದಿಕೊಂಡು ಹೋಗು’ ಎಂದು ಕಳಿಸಿದ ಮಗಳು ಹೆಣವಾಗಿ ಬಂದ ಮನೆಗಳು ನಮ್ಮ ನಾಡಿನಲ್ಲಿ ಕಡಿಮೆ ಇಲ್ಲ. ನಾನು ಮೇಲೆ ಹೇಳಿದ 2013ರ ತೀರ್ಪು ಕೂಡ, ಮಧ್ಯಸ್ಥಿಕೆಯಿಂದ ಆಗಿನ ದಂಡ ಸಂಹಿತೆಯ 498ಎ ಕಲಮಿನ (ಹೆಂಡತಿಯ ಮೇಲೆ ಗಂಡ, ಅವನ ಮನೆಯವರು ನಡೆಸುವ ಕ್ರೌರ್ಯ) ಬಿಗಿ ಸಡಿಲವಾಗಬಾರದು, ಇಬ್ಬರಿಗೂ ಮನಸ್ಸಿದ್ದರೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದೆ. ಅಂಥ ಹೆಣ್ಣುಮಕ್ಕಳಿಗೆ ಮೊದಲು ಬೇಕಾದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ, ಇರಲು ಜಾಗ, ಜೊತೆಗೆ ಒಬ್ಬ ವಕೀಲರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ನಿಮ್ಮ ಮಗಳು ಒಳಗೆ ಬರಲು ಹೆದರುತ್ತಿದ್ದರೆ ನನಗೆ ಹೇಳಿ. ಅವಳನ್ನು ಅವನ ಎದುರು ಕೂರಿಸುವುದಿಲ್ಲ, ಬೇಕಾದರೆ ಅಲ್ಲಿಗೇ ನಿಲ್ಲಿಸಿ ಪ್ರಕರಣವನ್ನು ಕೋರ್ಟಿಗೆ ವಾಪಸ್ ಕಳಿಸುತ್ತೇನೆ.

ರಾಜಿ ಆದ ಮೇಲೆ ಏನು ಎಂದು ನೀವು ಕೇಳುತ್ತೀರಿ. ಒಪ್ಪಿದ್ದನ್ನು ಕರಾರಾಗಿ ಬರೆದು, ಇಬ್ಬರೂ ಅವರ ವಕೀಲರೂ ಸಹಿ ಹಾಕಿ, ನ್ಯಾಯಾಧೀಶರ ಮುಂದೆ ಇಡುತ್ತೇವೆ. ಅವರು ಇಬ್ಬರನ್ನೂ ಕೇಳಿ ಖಾತ್ರಿ ಮಾಡಿಕೊಂಡು ಡಿಕ್ರಿ ಮಾಡುತ್ತಾರೆ. ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ಆದರೆ ಎಲ್ಲ ಲೆಕ್ಕವೂ ನಿಜವಾಗಿ ಮುಗಿದಿದ್ದರೆ, ಮಗು ಮತ್ತು ಜೀವನಾಂಶದ ವಿಷಯ ಇತ್ಯರ್ಥವಾಗಿದ್ದರೆ, ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ರೌರ್ಯದ ಕ್ರಿಮಿನಲ್ ಕೇಸು ಇದ್ದರೆ ಅದು ಮಾತ್ರ ರಾಜಿ ಪತ್ರದಿಂದ ತಾನಾಗಿ ಬೀಳುವುದಿಲ್ಲ. ಹೈಕೋರ್ಟಿಗೆ ಹೋಗಿ, ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ, ರದ್ದು ಮಾಡಿಸಬೇಕು. ಕರಾರಿನಲ್ಲಿ ಅದರ ಖರ್ಚು ಯಾರದು, ಎಷ್ಟು ದಿನದೊಳಗೆ ಎಂದು ಬರೆಸಿಕೊಳ್ಳಿ.

ಕೊನೆಗೆ ನಿಮ್ಮದೇ ವಿಷಯ. ಸಂಸಾರ ಮುರಿದಾಗ ನೀವೂ ಕಳೆದುಕೊಳ್ಳುತ್ತೀರಿ ಎಂಬುದು ಯಾವ ಅರ್ಜಿಯಲ್ಲೂ ಇರುವುದಿಲ್ಲ. ಗಂಡಿನ ಕಡೆಯ ಅಜ್ಜಿಗೆ ಮೊಮ್ಮಗಳ ಮುಖ ನೋಡಿ ತಿಂಗಳುಗಳಾಗಿರುತ್ತವೆ. ಹೆಣ್ಣಿನ ಕಡೆಯ ತಾತ ಅಳಿಯನನ್ನು ಮಗನೆಂದೇ ಎಣಿಸಿದ್ದವರು, ಈಗ ಕಾರಿಡಾರಿನಲ್ಲಿ ಮುಖ ತಿರುಗಿಸಿ ಕೂರಬೇಕು. ಅದಕ್ಕೂ ಮಧ್ಯಸ್ಥಿಕೆಯಲ್ಲಿ ಜಾಗ ಇದೆ. ಆಟದ ಬಯಲಿನಲ್ಲಿ ಒಂದು ಗಂಟೆ, ಹುಟ್ಟುಹಬ್ಬಕ್ಕೆ ಒಂದು ಫೋನು, ಮನೆದೇವರ ಪೂಜೆಗೆ ಒಂದು ದಿನ, ಅಜ್ಜಿಗೆ ಆರೋಗ್ಯ ತಪ್ಪಿದರೆ ಮಗುವನ್ನು ಕರೆತಂದು ತೋರಿಸುವುದು, ಇವನ್ನೆಲ್ಲ ಕರಾರಿನಲ್ಲಿ ಬರೆಯಬಹುದು. ಬರೆದಿದ್ದೇವೆ ಕೂಡ. ನಿಮಗೆ ಏನು ಬೇಕೋ ಅದನ್ನು ಮಗನಿಗೋ ಮಗಳಿಗೋ ಮನೆಯಲ್ಲೇ ಹೇಳಿ ಕಳಿಸಿ. ಅವರು ಒಳಗೆ ಕೇಳುತ್ತಾರೆ. ಇಬ್ಬರೂ ಒಪ್ಪಿದರೆ ನಿಮ್ಮನ್ನೂ ಒಂದು ಸಲ ಒಳಗೆ ಕರೆದು ಮಾತಾಡುತ್ತೇನೆ.

ಮುಂದಿನ ತಾರೀಖಿಗೆ ಬರುವಾಗ ಮಗ ಅಥವಾ ಮಗಳ ಜೊತೆ ಒಬ್ಬರೇ ಬನ್ನಿ, ಏಳು ಜನ ಬೇಡ. ಮಗುವನ್ನು ಶಾಲೆ ತಪ್ಪಿಸಿ ಕರೆತರಬೇಡಿ, ಬೇಕಾದರೆ ನಾವೇ ಹೇಳುತ್ತೇವೆ. ಮದುವೆಯ ಆಮಂತ್ರಣ ಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಫೀಸು ರಸೀತಿ, ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಒಡವೆಯ ಬಿಲ್ಲು ಇದ್ದರೆ ಅದು, ಒಂದು ಫೈಲಿನಲ್ಲಿ ಹಾಕಿ ಅವರ ಕೈಗೆ ಕೊಡಿ. ಒಳಗಿರುವಾಗ ಫೋನ್ ಮಾಡಬೇಡಿ. ಊಟ ಕಟ್ಟಿಕೊಂಡು ಬನ್ನಿ, ಮಧ್ಯಾಹ್ನ ದಾಟಬಹುದು.

ಇಂತಿ ನಿಮ್ಮ,
ಒಬ್ಬ ಮಧ್ಯಸ್ಥಿಕೆಗಾರ್ತಿ